ಮೈ ತುಂಬಿಕೊಂಡ ಅಕ್ಕ

ಎಪ್ಪತ್ತರ ದಶಕದಲ್ಲಿ, ಸದಾಶಿವನಗರದ ನಮ್ಮ ಪಕ್ಕದ ಮನೆಯ ಅಕ್ಕ ಬಹಳ ಸಣ್ಣಗಿದ್ದಳು. ಹೆಣ್ಣು ನೋಡಲು ಬಂದವರು ಅದನ್ನೇ ಹೇಳಿ ಎದ್ದುಹೋಗುತ್ತಿದ್ದರು. ಒಂದು ವರ್ಷ ಅವಳ ಮುಖ, ಕಾಲು ಊದತೊಡಗಿದವು. ಡಾಕ್ಟರು ಕಿಡ್ನಿಯ ತೊಂದರೆ ಇರಬಹುದೆಂದು ಉಪ್ಪು ಬಿಡಿಸಿ, ನೀರು ಇಳಿಸುವ ಮಾತ್ರೆ ಕೊಟ್ಟರು. ಅಕ್ಕ ಕಣಕಾಲಿಗೆ ಬೆರಳೊತ್ತಿ, ಬಿದ್ದ ಗುಳಿಯನ್ನು ನನಗೆ ತೋರಿಸಿ, “ಬರೀ ನೀರು ಕಣೇ” ಎಂದು ನಗುತ್ತಿದ್ದಳು.

ಅಷ್ಟರಲ್ಲಿ ಕುಣಿಗಲ್ಲಿನ ಗಂಡಿನವರು ಬಂದರು. “ಹುಡ್ಗಿ ಮೈಕೈ ತುಂಬ್ಕೊಂಡವ್ಳೆ” ಎಂದು ಗಂಡಿನ ತಾಯಿ ಒಪ್ಪಿದರು.

ಅವರು ಹೋದ ಮೇಲೆ ಅಕ್ಕನ ಅಮ್ಮ ಮಾತ್ರೆಗಳನ್ನು ಎತ್ತಿಟ್ಟರು. “ಮದ್ವೆ ಆಗೋಗ್ಲಿ, ಆಮೇಲೆ ನುಂಗೀಯಂತೆ ಬುಡು.”

“ಆಮೇಲೆ ಸಣ್ಣಗಾದ್ರೆ ವಾಪಸ್ ಕಳಿಸ್ತಾರೇನಮ್ಮ?” ಅಕ್ಕ ತಮಾಷೆಗೆ ಕೇಳಿದಳು.

ಮದುವೆಗೆ ಮೊದಲೇ ಅಕ್ಕ ಎದೆಗೂ ನೀರು ತುಂಬಿ, ಉಸಿರು ಕಟ್ಟಿ ತೀರಿಕೊಂಡಳು. ಸಾವಿಗೆ ಬಂದ ಗಂಡಿನ ತಾಯಿ, “ಅಷ್ಟು ಗಟ್ಟಿಮುಟ್ಟಾಗಿದ್ಲಲ್ಲ, ಏನಾಗಿತ್ತಮ್ಮ?” ಎಂದು ಕೈ ಹಿಡಿದು ಕೇಳಿದರು.

“ಗೊತ್ತಾಗ್ಲೇ ಇಲ್ಲ ಕಣ್ರೀ” ಎಂದರು ಅಕ್ಕನ ಅಮ್ಮ.