ಬಾಕಿ ಉಳಿದ ಎರಡು ಸಾಲು

ನಾಲ್ಕು ತೂತಿನ ಎರಡು ಕಂದು ಕೋಟುಗುಂಡಿಗಳು. ಪ್ರತಿ ಗುಂಡಿಯ ಒಂದು ತೂತಿಗೆ ತಾಮ್ರದ ತಂತಿ, ಎದುರಿನ ತೂತಿಗೆ ನೈಲಾನ್ ದಾರ. ಒಂದು ಗುಂಡಿಯನ್ನು ಬಾಲ್ಕನಿಯ ಈ ಕೊನೆಯ ಸರಳಿಗೆ ಕಟ್ಟಲಾಗಿದೆ, ಇನ್ನೊಂದನ್ನು ಆ ಕೊನೆಯ ನೀರಿನ ಪೈಪಿಗೆ. ನಡುವೆ ತಂತಿ ಬಿಗಿಯಾಗಿ ನಿಂತಿದೆ. ತಂತಿಗೆ ತೂಗುಹಾಕಿದ ರಟ್ಟಿನ ಚೂರಿನ ಮೇಲೆ ಹಿಂದಿಯಲ್ಲಿ ಬರೆದದ್ದು: "ಇಲ್ಲಿ ಬಟ್ಟೆ ಒಣಹಾಕಬಾರದು. ಆಜ್ಞೆಯ ಮೇರೆಗೆ."

ಯಾರ ಆಜ್ಞೆ ಎಂದು ಕೇಳಿದರೆ ಶ್ರೀಪತಿರಾಯರು, "ನಂದೇ" ಎನ್ನುತ್ತಿದ್ದರು. "ಆದ್ರೆ ನಂದು ಅಂತ ಬರೆದ್ರೆ ನಮ್ಮ ವಾಣಿ ಕೂಡ ಕೇಳಲ್ಲ. ಯಾರದ್ದು ಅಂತ ಬರೀದೇ ಇದ್ರೆ ಎಲ್ಲರೂ ಕೇಳ್ತಾರೆ. ಸರ್ಕಾರದಲ್ಲಿ ನಾನು ಕಲಿತಿದ್ದು ಇಷ್ಟೇ ಅನ್ಕೋ."

ವಾಣಿ ಅವರ ಮಗಳು, ಕೇಂದ್ರ ಸರ್ಕಾರದ ನೌಕರಿ. ದೆಹಲಿಯ ಕಿದ್ವಾಯಿ ನಗರದ ಆ ಕ್ವಾರ್ಟರ್ಸು ವಾಣಿಯವರ ಹೆಸರಿನಲ್ಲಿತ್ತು. ರಾಯರು ಚಿತ್ರದುರ್ಗದಿಂದ ಇಪ್ಪತ್ತೆರಡನೇ ವಯಸ್ಸಿಗೆ ದೆಹಲಿಗೆ ಬಂದು, ಒಂದು ಸಚಿವಾಲಯದ ಡಾಕ್ ಶಾಖೆಯಲ್ಲಿ ಕೆಲಸಕ್ಕೆ ಸೇರಿ, ಅಲ್ಲೇ ನಿವೃತ್ತರಾದವರು. ಹೊರಗಿನಿಂದ ಬಂದ ಪ್ರತಿ ಕಾಗದವನ್ನೂ ತೆರೆದು, ಜೊತೆಗಿರುವ ಲಗತ್ತುಗಳನ್ನು ಎಣಿಸಿ, ಮುದ್ರೆ ಒತ್ತಿ, ಸ್ವೀಕೃತಿ ಕೊಟ್ಟು, ಸಂಬಂಧಪಟ್ಟ ಮೇಜಿಗೆ ಕಳಿಸುವುದು ಅವರ ಕೆಲಸ. "ಉತ್ತರ ಕೊಡೋದು ದೊಡ್ಡವರ ಕೆಲಸ. ಅವರು ಆರು ತಿಂಗಳು ತಗೊಳ್ಲಿ. ಆದ್ರೆ ಬಂತು ಅಂತ ಅವತ್ತೇ ಹೇಳಬೇಕು. ಬಂತು ಅಂತ ಹೇಳದೇ ಇರೋದು ಇದೆಯಲ್ಲ, ಅದು ಮನುಷ್ಯನ್ನ ಬಾಗಿಲಲ್ಲಿ ನಿಲ್ಲಿಸಿದ ಹಾಗೆ."

ನಿವೃತ್ತಿಯ ನಂತರ ಅವರಿಗೆ ಶಾರ್ಟ್‌ವೇವ್ ರೇಡಿಯೋ ಹಿಡಿಯಿತು. ಬಾಲ್ಕನಿಯ ಆ ತಂತಿ ಅದರ ಏರಿಯಲ್. ದೂರದೂರದ ಕೇಂದ್ರಗಳನ್ನು ಹುಡುಕಿ ಕೇಳುವುದು, ಎಷ್ಟು ಹೊತ್ತಿಗೆ ಏನು ಕೇಳಿಸಿತು, ಎಷ್ಟು ಸ್ಪಷ್ಟವಾಗಿತ್ತು ಎಂದು ಬರೆದು ಆ ಕೇಂದ್ರಕ್ಕೆ ಕಳಿಸುವುದು. ಅಲ್ಲಿಯವರು ಅದನ್ನು ಪರಿಶೀಲಿಸಿ, ಹೌದು, ನೀವು ಕೇಳಿದ್ದು ನಮ್ಮನ್ನೇ ಎಂದು ಒಂದು ಕಾರ್ಡು ಕಳಿಸುತ್ತಾರೆ. ರಾಯರ ಬಳಿ ಅಂಥ ಕಾರ್ಡುಗಳು ಎರಡು ಬೂಟಿನ ಡಬ್ಬಿ ತುಂಬ ಇದ್ದವು. ಕರೆಂಟ್ ಹೋದರೆ ಕಾಲೊನಿಗೆಲ್ಲ ಸಂಕಟ, ಇವರಿಗೆ ಹಬ್ಬ. ಸುತ್ತಲಿನ ಯಂತ್ರಗಳ ಗುಂಯ್‌ಗುಡುವಿಕೆ ನಿಂತು ರೇಡಿಯೋ ತಿಳಿಯಾಗುತ್ತದೆ.

ಇಂಥ ಕೇಳುಗರದೇ ಒಂದು ಬಳಗ ಅಂತರ್ಜಾಲದಲ್ಲಿದೆ. ಹಲವು ದೇಶಗಳವರು, ವ್ಯವಹಾರವೆಲ್ಲ ಇಂಗ್ಲಿಷಿನಲ್ಲಿ. ಅಲ್ಲಿ ಹೊಸಬರು ಯಾರೇ ಬಂದರೂ ಮೊದಲ ಸ್ವಾಗತ ರಾಯರದು. "ತಮ್ಮ ಸಂದೇಶ ತಲುಪಿದೆ, ಸ್ಪಷ್ಟವಾಗಿ ಕೇಳಿಸಿದೆ" ಎಂದು ಆಫೀಸಿನ ಇಂಗ್ಲಿಷಿನಲ್ಲಿ ಬರೆದು, ಕೆಳಗೆ ಪೂರ್ತಿ ಹೆಸರು ಹಾಕುತ್ತಿದ್ದರು.

ನನಗೆ ಅವರು ಸಿಕ್ಕಿದ್ದು ಚಾಣಕ್ಯಪುರಿಯಲ್ಲಿ, ನಮ್ಮ ರಾಜ್ಯದ ಅತಿಥಿಗೃಹದ ಕ್ಯಾಂಟೀನಿನಲ್ಲಿ. ನಾನು ಫ್ರೆಂಚ್ ಎಂ.ಎ. ಮುಗಿಸಿ, ಗುರುಗ್ರಾಮದ ಒಂದು ಕಂಪನಿಗೆ ಮನೆಯಿಂದಲೇ ಯಂತ್ರಗಳ ಕೈಪಿಡಿ ಭಾಷಾಂತರಿಸುತ್ತಿದ್ದೆ. ವಾರವಿಡೀ ಬಾಯಿ ತೆರೆಯುವ ಸಂದರ್ಭ ಕಡಿಮೆ. ತರಕಾರಿ ಭಯ್ಯಾನ ಹತ್ತಿರ ನಾಲ್ಕು ಮಾತು, ಗೇಟಿನ ಗಾರ್ಡ್ ಹತ್ತಿರ ಒಂದು. ಭಾನುವಾರ ಬೆಳಗ್ಗೆ ಆಟೋ ಹಿಡಿದು ಇಡ್ಲಿಗೆ ಹೋಗುತ್ತಿದ್ದೆ. ನಿಜ ಹೇಳಬೇಕೆಂದರೆ ಇಡ್ಲಿಗಲ್ಲ. ಅಕ್ಕಪಕ್ಕದ ಮೇಜುಗಳ ಕನ್ನಡ ಕೇಳಲು. ಮಾತಾಡಬೇಕಾಗಿ ಬರದಿರಲಿ ಎಂದು ಎದುರಿಗೆ ಒಂದು ಪುಸ್ತಕ ತೆರೆದಿಟ್ಟುಕೊಳ್ಳುತ್ತಿದ್ದೆ.

"ಫ್ರೆಂಚಾ? ಓದೋಕೆ ಬರತ್ತಾ, ಇಲ್ಲಾ ಸುಮ್ಮನೆ ಹಿಡ್ಕೊಂಡಿದ್ದೀಯಾ?"

ತಲೆ ಎತ್ತಿದೆ. ಮಫ್ಲರ್ ಸುತ್ತಿಕೊಂಡ ತೆಳ್ಳನೆಯ ಮುದುಕರು, ಕೈಯಲ್ಲಿ ಕಾಫಿ ಲೋಟ. ಬರುತ್ತದೆ ಎಂದೆ. ಅವರು ಕೇಳದೆಯೇ ಎದುರಿನ ಕುರ್ಚಿಯಲ್ಲಿ ಕೂತು, ಜೇಬಿನಿಂದ ನಾಲ್ಕಾಗಿ ಮಡಿಸಿದ ಕಾಗದ ತೆಗೆದರು. ಬಳಗಕ್ಕೆ ಬಂದ ಹೊಸ ಸಂದೇಶವೊಂದನ್ನು ಪ್ರಿಂಟ್ ಹಾಕಿಸಿದ್ದರು. ಫ್ರೆಂಚಿನಲ್ಲಿ ಆರು ಸಾಲು. ಕೆಳಗೆ ಮೂವರು ಸದಸ್ಯರು ಇಂಗ್ಲಿಷಿನಲ್ಲಿ ಉತ್ತರಿಸಿದ್ದರು. ಮೂರರದೂ ಒಂದೇ ಅರ್ಥ: ಇಲ್ಲಿ ಇಂಗ್ಲಿಷಿನಲ್ಲೇ ಬರೆಯಬೇಕು.

"ಕಂಪ್ಯೂಟರಿನ ಭಾಷಾಂತರ ಯಂತ್ರಕ್ಕೆ ಕೊಟ್ರೆ ಅರ್ಥ ಹೇಳತ್ತಲ್ಲ ಸರ್" ಎಂದೆ.

"ಹೇಳ್ತು. ಆದ್ರೆ ಯಂತ್ರ ಸ್ವೀಕೃತಿಗೆ ಸಹಿ ಹಾಕಲ್ಲಮ್ಮ. ಅವರ ಭಾಷೇಲೇ ಒಬ್ಬ ಮನುಷ್ಯ ಬರೀಬೇಕು, ಬಂತು ಅಂತ."

ಬರೆದವರ ಹೆಸರು ಲ್ಯೂಸಿಯೆನ್. ಫ್ರಾನ್ಸಿನ ಸಣ್ಣ ಊರೊಂದರ ಶಾಲೆಯಲ್ಲಿ ಅಡುಗೆ ಮಾಡಿ ನಿವೃತ್ತರಾದ ಹೆಂಗಸು. ಹಳೇ ಸಾಮಾನಿನ ಸಂತೆಯಲ್ಲಿ ಕೊಂಡ ರೇಡಿಯೋ ಅಡುಗೆಮನೆಯಲ್ಲಿದೆ. ದಿನಾ ಬೆಳಗ್ಗೆ ಒಬ್ಬ ಗಂಡಸು ಗೊತ್ತಿಲ್ಲದ ಭಾಷೆಯಲ್ಲಿ ಏನನ್ನೋ ಓದುತ್ತಾನೆ. ಏಳು ನಿಮಿಷ, ಆಮೇಲೆ ಇಲ್ಲ. ನಿನ್ನ ದನಿ ನನಗೆ ಕೇಳಿಸುತ್ತಿದೆ ಎಂದು ಅವನಿಗೆ ತಿಳಿಸಬೇಕು, ಯಾರಿಗೆ ಬರೆಯಲಿ? ಇಷ್ಟು ಅವರ ಪ್ರಶ್ನೆ.

ನಾನು ಅಲ್ಲೇ ಪೆನ್ಸಿಲಿನಲ್ಲಿ ಸ್ವಾಗತದ ನಾಲ್ಕು ಸಾಲು ಬರೆದುಕೊಟ್ಟೆ. ರಾಯರು ಬಳಗದ ನಿರ್ವಾಹಕರಿಗೆ ಕ್ರಮಸಂಖ್ಯೆ ಹಾಕಿ ಒಂದು ಟಿಪ್ಪಣಿ ಕಳಿಸಿ ಅಪ್ಪಣೆ ಪಡೆದರು: ಲ್ಯೂಸಿಯೆನ್ ಫ್ರೆಂಚಿನಲ್ಲಿ ಬರೆಯಬಹುದು, ಕೆಳಗೆ ಇಂಗ್ಲಿಷ್ ಭಾಷಾಂತರ ಇರಬೇಕು, ಭಾಷಾಂತರಕ್ಕೆ ನಾನು ಹೊಣೆ. ನಾನೂ ಸದಸ್ಯಳಾದೆ. ಹೆಸರಿನ ಜಾಗದಲ್ಲಿ ಎರಡು ಅಕ್ಷರ ಹಾಕಿದೆ, ಊರಿನ ಜಾಗವನ್ನು ಖಾಲಿ ಬಿಟ್ಟೆ.

ಅಲ್ಲಿಂದ ಭಾನುವಾರಗಳಿಗೆ ಒಂದು ಆಕಾರ ಬಂತು. "ಏನಮ್ಮ ಭಾಷಾಂತರ ಶಾಖೆ, ತಿಂಡಿ ಆಯ್ತಾ? ಫೈಲ್ ಬಂದಿದೆ" ಎಂದುಕೊಂಡೇ ಬರುತ್ತಿದ್ದರು. ಲ್ಯೂಸಿಯೆನ್ ತಮ್ಮ ಅಡುಗೆಮನೆಯ ಕಿಟಕಿ, ಅಂಗಳದ ಮಂಜು, ದನಿ ಅವತ್ತು ಎಷ್ಟು ಗಟ್ಟಿಯಿತ್ತು, ಎಲ್ಲವನ್ನೂ ಬರೆಯುತ್ತಿದ್ದರು. ರಾಯರು ಕೇಳಿ ತಲೆದೂಗುತ್ತಿದ್ದರು. "ನೋಡು, ಇದು ರಿಪೋರ್ಟು. ನಮ್ಮವರು ಬರೀ ನಂಬರ್ ಬರೀತಾರೆ. ಈ ಯಮ್ಮ ಹವೆ ಬರೀತಾಳೆ."

ನಾನು ಆ ಭಾನುವಾರಗಳಿಗಾಗಿ ಕಾಯುತ್ತಿದ್ದೆ ಎಂದು ಅವರಿಗೆ ಹೇಳಲಿಲ್ಲ. ನನ್ನ ಬಗ್ಗೆ ಏನನ್ನೂ ಹೇಳಲಿಲ್ಲ. ಒಮ್ಮೆ ಮನೆ ಎಲ್ಲಿ ಎಂದು ಕೇಳಿದರು.

"ವಸಂತ್ ಕುಂಜ್ ಕಡೆ."

"ಕಡೆ ಅಂದ್ರೆ? ಅದು ಒಂದು ಊರಷ್ಟಿದೆ. ಅರ್ಧ ವಿಳಾಸದ ಡಾಕ್ ವಾಪಸ್ ಹೋಗತ್ತೆ, ಗೊತ್ತಾ?"

ನಾನು ನಕ್ಕು ಮಾತು ಬದಲಿಸಿದೆ. ಫೋನ್ ನಂಬರನ್ನೂ ಕೊಡಲಿಲ್ಲ. ಭಾನುವಾರ ಸಿಗುತ್ತೇವಲ್ಲ ಎನ್ನುವುದು ನನ್ನ ಸಮಾಧಾನ. ಆದರೂ ಒಂದು ಸಲ ಒತ್ತಾಯ ಮಾಡಿ ಕಿದ್ವಾಯಿ ನಗರಕ್ಕೆ ಕರೆದುಕೊಂಡು ಹೋದರು. ಕೋಟುಗುಂಡಿಗಳನ್ನು ನೋಡಿದ್ದು ಆವಾಗ. ವಾಣಿ ಉಪ್ಪಿಟ್ಟು ಕೊಟ್ಟು, "ನಮ್ಮಪ್ಪಂಗೆ ಪಕ್ಕದ ಮನೆಯವರ ಹೆಸರು ಗೊತ್ತಿಲ್ಲ. ಫ್ರಾನ್ಸಿನವರ ಕಿಟಕಿ ಯಾವ ದಿಕ್ಕಿಗಿದೆ ಅಂತ ಗೊತ್ತು" ಎಂದರು.

"ಪಕ್ಕದ ಮನೆಯವರು ನಂಗೇನಾದ್ರೂ ಬರೆದಿದ್ದಾರಾ?" ಎಂದರು ರಾಯರು.

ಬೇಸಿಗೆಯ ಹೊತ್ತಿಗೆ ಬಳಗದ ಒಬ್ಬರು ಆ ದನಿಯನ್ನು ಪತ್ತೆ ಮಾಡಿದರು. ಕರಾವಳಿಯ ಯಾವುದೋ ಕೇಂದ್ರ ಮೀನುಗಾರರಿಗಾಗಿ ಹೇಳುವ ಹವಾಮಾನ. ಓದುವವನು ಮನುಷ್ಯನಲ್ಲ, ಕಂಪ್ಯೂಟರಿನ ದನಿ.

ಇದಕ್ಕೆ ಲ್ಯೂಸಿಯೆನ್ ಒಂಬತ್ತು ಸಾಲಿನ ಉತ್ತರ ಬರೆದರು. ಎರಡು ವರ್ಷದಿಂದ ಒಂದು ಯಂತ್ರಕ್ಕೆ ಶುಭೋದಯ ಹೇಳುತ್ತಿದ್ದೆನಲ್ಲ, ಒಂದು ಸಲ ಅವನಿಗಾಗಿ ಬಟ್ಟಲಿಗೆ ಕಾಫಿಯನ್ನೂ ಬಗ್ಗಿಸಿದ್ದೆ ಎಂದು ತಮ್ಮನ್ನೇ ತಾವು ಗೇಲಿ ಮಾಡಿಕೊಂಡಿದ್ದರು. ಕೊನೆಯ ಎರಡು ಸಾಲು ಹೀಗಿದ್ದವು: "ತಂಗಿ ತೀರಿಕೊಂಡ ಮೇಲೆ ಈ ಮನೆಗೆ ನನ್ನ ಹೆಸರು ಹಿಡಿದು ಬರುವುದು ನಿಮ್ಮ ಸಂದೇಶಗಳು ಮಾತ್ರ. ಅವೂ ಯಂತ್ರದವಲ್ಲ ತಾನೇ?"

ಆ ಭಾನುವಾರ ರಾಯರಿಗೆ ಜ್ವರವಿತ್ತು, ಬಂದಿರಲಿಲ್ಲ. ನಾನು ಮನೆಯಲ್ಲಿ ಕೂತು ಭಾಷಾಂತರಿಸಿದೆ. ಏಳು ಸಾಲು ಸಲೀಸಾಗಿ ಬಂದವು. ಕೊನೆಯ ಎರಡರ ಮುಂದೆ ಬಹಳ ಹೊತ್ತು ಕೂತೆ. ಇದನ್ನು ಇನ್ನೂರು ಜನ ಅಪರಿಚಿತರ ಮುಂದೆ ಇಂಗ್ಲಿಷಿನಲ್ಲಿ ಹರಡುವುದು ಸಭ್ಯತೆಯಲ್ಲ ಎನಿಸಿತು. ನಾನಾಗಿದ್ದರೆ ಬರೆಯುತ್ತಲೇ ಇರಲಿಲ್ಲ. ಬಿಟ್ಟೆ. ಏಳು ಸಾಲು ಹಾಕಿದೆ.

ಕೆಳಗೆ ಇಂಗ್ಲಿಷ್ ಇದ್ದುದರಿಂದ ಮೂಲವನ್ನು ಯಾರೂ ನೋಡಲು ಹೋಗಲಿಲ್ಲ. ಯಂತ್ರಕ್ಕೆ ಕಾಫಿ ಬಗ್ಗಿಸಿದ ಕಥೆ ಎಲ್ಲರಿಗೂ ಹಿಡಿಸಿತು. ಹದಿನಾರು ಜನ ನಗುವ ಮುಖಗಳನ್ನು ಹಾಕಿದರು. ಒಬ್ಬರು, "ಅವನಿಗೆ ಸಕ್ಕರೆ ಎಷ್ಟು?" ಎಂದು ಕೇಳಿದರು. ಲ್ಯೂಸಿಯೆನ್ ಮತ್ತೆ ಬರೆಯಲಿಲ್ಲ.

ಮುಂದಿನ ಭಾನುವಾರ ರಾಯರು ಕಾಗದವನ್ನು ನನ್ನ ಮುಂದಿಟ್ಟು, ಪೆನ್ನಿನ ತುದಿಯಿಂದ ಎಣಿಸಿದರು.

"ಬಂದಿದ್ದು ಒಂಬತ್ತು. ಹೋಗಿದ್ದು ಏಳು. ಎರಡು ಸಾಲು ಎಲ್ಲಿ?"

"ಅದು ಸ್ವಂತ ವಿಷಯ ಸರ್."

"ಯಾರ ಸ್ವಂತ?"

ಅವರು ಆಮೇಲೆ ಹೇಳಿದ್ದು ಮೆಲ್ಲಗೆ, ಆದರೆ ಮೊದಲ ಸಲ ಬಹುವಚನದಲ್ಲಿ. ಅವರಿಗೆ ನೋವಾಗಿದೆ ಎಂದು ಅದರಿಂದ ತಿಳಿಯಿತು.

"ಯಂತ್ರಕ್ಕೆ ಕೊಟ್ಟು ನೋಡಿದೆ, ಆ ಎರಡು ಸಾಲು ಏನು ಅಂತ. ಡಾಕ್ ಶಾಖೆಯವನು ಕಾಗದ ಬಚ್ಚಿಡಬಾರದು ನೋಡಿ. ಓದಿದ್ರೆ ಕಣ್ಣಲ್ಲಿ ನೀರು ಬರೋ ಅರ್ಜಿ ದಿನಾ ಬರ್ತಿತ್ತು ನಮಗೆ. ಪಾಪ ಅಂತ ಡ್ರಾಯರಲ್ಲಿ ಇಟ್ಟಿದ್ರೆ ಅವರ ಗತಿ ಏನು? ಆಕೆ ಹೇಳಬೇಕು ಅಂತಲೇ ಹೇಳಿದ್ದು. ನೀವು ಬಾಗಿಲು ಹಾಕಿದ್ರಿ."

"ಹಾಗಾದ್ರೆ ನೀವೇ ಹಾಕಿಬಿಡಿ."

"ಅದಾಗಲ್ಲ. ಯಾರ ಸಹಿ ಇದೆಯೋ ಅವರೇ ತಿದ್ದುಪಡಿ ಹೊರಡಿಸಬೇಕು. ನಾನು ಕಾಯ್ತೀನಿ. ಆಕೆನೂ ಕಾಯ್ತಿರ್ತಾಳೆ."

ಕಾಫಿ ಮುಗಿಸದೆ ಎದ್ದು ಬಂದೆ. ಅವರು ಹೇಳಿದ್ದು ಸರಿ ಎಂದು ಆಟೋದಲ್ಲೇ ತಿಳಿದಿತ್ತು. ಆದರೆ ಸರಿ ಎಂದು ಒಪ್ಪಲು ನನಗೆ ಯಾವಾಗಲೂ ತಡವಾಗುತ್ತದೆ. ಮೂರು ಭಾನುವಾರ ಕ್ಯಾಂಟೀನಿಗೆ ಹೋಗಲಿಲ್ಲ. ಪ್ರತಿ ದಿನ ಬಳಗವನ್ನು ತೆರೆದು ನೋಡುತ್ತಿದ್ದೆ. ಲ್ಯೂಸಿಯೆನ್ ಹೆಸರಿನ ಕೆಳಗೆ ಹೊಸದೇನೂ ಇರುತ್ತಿರಲಿಲ್ಲ. ರಾಯರದೂ ಕಾಣಲಿಲ್ಲ. ಹೊಸಬರಿಬ್ಬರು ಬಂದಿದ್ದರು, ಅವರಿಗೆ ಯಾರೂ ಸ್ವಾಗತ ಹೇಳಿರಲಿಲ್ಲ. ಅಷ್ಟರಿಂದಲೇ ನನಗೆ ಅರ್ಥವಾಗಬೇಕಿತ್ತು.

ನಾಲ್ಕನೇ ಭಾನುವಾರ ಹೋದೆ. ಹತ್ತೂವರೆಯವರೆಗೆ ಕಾದೆ. ಕ್ಯಾಂಟೀನಿನವರು ಮೇಜು ಒರೆಸಲು ಬಂದಾಗ ಎದ್ದು, ಸೀದಾ ಕಿದ್ವಾಯಿ ನಗರಕ್ಕೆ ಹೋದೆ.

ಬಾಗಿಲು ತೆರೆದ ವಾಣಿ ನನ್ನನ್ನು ಒಂದು ಕ್ಷಣ ನೋಡಿದರು. "ಬನ್ನಿ. ಅಪ್ಪ ಹೋಗಿ ಹದಿನೈದು ದಿನ ಆಯ್ತು" ಎಂದರು.

ಜ್ವರ ಎದೆಗೆ ಇಳಿದಿತ್ತಂತೆ. ಆಸ್ಪತ್ರೆಯಲ್ಲಿ ನಾಲ್ಕು ದಿನ. ಕೂತ ಮೇಲೆ ವಾಣಿ ಹೇಳಿದರು: "ಆಸ್ಪತ್ರೆಗೆ ಸೇರಿಸಿದಾಗಲೇ ನಿಮಗೆ ತಿಳಿಸೋಣ ಅಂತ ಎಷ್ಟು ಹುಡುಕಿದ್ವಿ. ಅಪ್ಪನ ಫೋನಲ್ಲಿ ನಿಮ್ಮ ನಂಬರೇ ಇಲ್ಲ. ಮನೆ ಎಲ್ಲಿ ಅಂತ ಕೇಳಿದ್ರೆ 'ವಸಂತ್ ಕುಂಜ್ ಕಡೆ' ಅಂದ್ರು. ಅಷ್ಟು ಸುಸ್ತಲ್ಲೂ ನಗ್ತಾ ಅಂದ್ರು."

ಅವರ ದನಿಯಲ್ಲಿ ಆಕ್ಷೇಪಣೆ ಇರಲಿಲ್ಲ. ಇದ್ದಿದ್ದರೆ ಸುಲಭವಾಗುತ್ತಿತ್ತು.

ಒಳಗಿನಿಂದ ಒಂದು ಫೈಲ್ ತಂದು ಕೊಟ್ಟರು. ಲ್ಯೂಸಿಯೆನ್ ಅವರ ಸಂದೇಶಗಳೆಲ್ಲ ದಿನಾಂಕದ ಕ್ರಮದಲ್ಲಿದ್ದವು. ನನ್ನ ಪೆನ್ಸಿಲ್ ಬರಹದ ಹಾಳೆಗಳೂ ಇದ್ದವು, ಕಾಫಿ ಚೆಲ್ಲಿದ್ದೂ ಸೇರಿ. ಪ್ರತಿ ಹಾಳೆಯ ಮೂಲೆಯಲ್ಲಿ ಒಂದು ಸರಿ ಗುರುತು. ಕೊನೆಯದರಲ್ಲಿ ಗುರುತಿರಲಿಲ್ಲ. ಎರಡು ಸಾಲುಗಳ ಕೆಳಗೆ ಕೆಂಪು ಗೆರೆ, ಪಕ್ಕದಲ್ಲಿ ಕನ್ನಡದಲ್ಲಿ ಒಂದೇ ಪದ: ಬಾಕಿ.

ಬಾಲ್ಕನಿಯಲ್ಲಿ ತಂತಿ ಹಾಗೇ ಇತ್ತು. ಅದರ ಮೇಲೆ ಬಟ್ಟೆ ಇರಲಿಲ್ಲ. ಹೊರಡುವಾಗ ನನ್ನ ನಂಬರನ್ನು ವಾಣಿಯವರ ಕ್ಯಾಲೆಂಡರಿನ ಮೇಲೆ ಬರೆದೆ.

ಮರುದಿನ ಬೆಳಗ್ಗೆ ಆರೂವರೆಗೆ, ಹಲ್ಲು ಕೂಡ ಉಜ್ಜದೆ, ಕಂಪ್ಯೂಟರಿನ ಮುಂದೆ ಕೂತೆ. ಲ್ಯೂಸಿಯೆನ್ ಅವರ ಕೊನೆಯ ಸಂದೇಶದ ಕೆಳಗೆ 'ತಿದ್ದುಪಡಿ' ಎಂದು ಮೊದಲು ಫ್ರೆಂಚಿನಲ್ಲಿ, ಅದರ ಕೆಳಗೆ ಇಂಗ್ಲಿಷಿನಲ್ಲಿ ಬರೆದೆ. ಭಾಷಾಂತರದಲ್ಲಿ ಎರಡು ಸಾಲು ಬಿಟ್ಟುಹೋಗಿದ್ದವು ಎಂದು ಬರೆದು, ಅಳಿಸಿ, ಎರಡು ಸಾಲನ್ನು ನಾನು ಬಿಟ್ಟಿದ್ದೆ ಎಂದು ಬರೆದೆ. ಆ ಸಾಲುಗಳನ್ನು ಅವರು ಬರೆದಂತೆಯೇ ಇಂಗ್ಲಿಷಿನಲ್ಲಿ ಇಟ್ಟೆ. ಶ್ರೀಪತಿರಾಯರು ಇನ್ನಿಲ್ಲ, ಅವರು ಯಂತ್ರವಾಗಿರಲಿಲ್ಲ, ನಾನೂ ಅಲ್ಲ ಎಂದು ತಿಳಿಸಿದೆ. ಕೊನೆಗೆ, ನಿಮ್ಮ ಕಾಗದ ಬಂತು, ಪೂರ್ತಿ ಬಂತು ಎಂದು ಬರೆದೆ.

ಎರಡು ಅಕ್ಷರ ತೆಗೆದು ನನ್ನ ಹೆಸರು ಹಾಕಿದೆ. ಊರಿನ ಜಾಗ ಇನ್ನೂ ಖಾಲಿಯಿತ್ತು. ಅಲ್ಲಿ ವಸಂತ್ ಕುಂಜ್, ದೆಹಲಿ ಎಂದು ಬರೆದೆ. 'ಕಡೆ' ಎಂದು ಸೇರಿಸಲಿಲ್ಲ.