ಕಿವಿ ಮೇಡಂ ಆಂಪ್ಲಿಫೈಯರ್ ಆರಿಸಿದ್ದು

ಎರಡನೆಯ ಆಂಪ್ಲಿಫೈಯರನ್ನೂ ವಾಪಸು ತಂದ ದಿನ ಹಳೇ ವಾದ್ಯಗಳ ಅಂಗಡಿಯವರು ಕುರ್ಚಿ ಬಿಟ್ಟು ಏಳಲಿಲ್ಲ. ಮೊದಲನೆಯದನ್ನು ತಂದಾಗ ಎದುರು ಬಂದು, ಪೆಟ್ಟಿಗೆಯನ್ನು ಕೈಯಿಂದ ಇಸಿದುಕೊಂಡು, ಕುಡಿಯಲು ನೀರು ಬೇಕೇ ಎಂದು ಕೇಳಿದ್ದರು.

"ಇದಕ್ಕೇನಾಯ್ತು ಮೇಡಂ?"

"ಮಬ್ಬು."

"ಮೊದಲನೇದೂ ಮಬ್ಬು ಅಂದ್ರಿ."

"ಅದು ಕಂಬಳಿ ಹೊದ್ಕೊಂಡು ಮಾತಾಡಿದ ಹಾಗಿತ್ತು. ಇದು ಪಕ್ಕದ ಮನೇಲಿ ಕೂತು ಮಾತಾಡಿದ ಹಾಗಿದೆ."

"ಜಾಜ್‌ಗೆ ಅದೇ ಬೇಕು ಅಂತಾರಲ್ಲ ಎಲ್ಲರೂ? ಧ್ವನಿ ಬೆಚ್ಚಗಿರಬೇಕು ಅಂತಾರೆ."

"ಬೆಚ್ಚಗಿರೋದು ಬೇರೆ, ಜ್ವರ ಬಂದು ಮಲಗಿರೋದು ಬೇರೆ."

ಅಂಗಡಿಯವರು ನಗಲಿಲ್ಲ. ಮನೆಗೆ ಒಯ್ದು ಎರಡು ದಿನ ನುಡಿಸಿ ನೋಡಿ, ಹಿಡಿಸದಿದ್ದರೆ ತಂದುಕೊಡಿ ಎಂಬ ಮಾತನ್ನು ಇಪ್ಪತ್ತು ವರ್ಷಗಳಿಂದ ಎಲ್ಲರಿಗೂ ಹೇಳುತ್ತ ಬಂದವರು ಅವರು. ಆ ಮಾತನ್ನು ಇಷ್ಟು ಅಕ್ಷರಶಃ ತೆಗೆದುಕೊಂಡ ಗಿರಾಕಿ ಹಿಂದೆ ಯಾರೂ ಇರಲಿಲ್ಲ.

ಆ ಗಿರಾಕಿಯನ್ನು ಊರಲ್ಲಿ ಬಹಳ ಜನ ಕಿವಿ ಮೇಡಂ ಎಂದೇ ಬಲ್ಲರು. ಸರಕಾರಿ ಆಸ್ಪತ್ರೆಯ ಮೂರನೇ ಮಹಡಿಯಲ್ಲಿ ಇಪ್ಪತ್ತಾರು ವರ್ಷಗಳಿಂದ ಜನರ ಕಿವಿ ಪರೀಕ್ಷಿಸುವುದು ಅವರ ಕೆಲಸ. ಈಗ ಐವತ್ತಮೂರು ವಯಸ್ಸು. ಹೊರಗಿನ ಸದ್ದು ಒಳಹೋಗದ ಪುಟ್ಟ ಕೋಣೆಯೊಂದರಲ್ಲಿ ರೋಗಿಯನ್ನು ಕೂರಿಸಿ, ಹೆಡ್‌ಫೋನ್ ತೊಡಿಸಿ, ಕೈಗೊಂದು ಗುಂಡಿ ಕೊಡುತ್ತಾರೆ. ಗಾಜಿನ ಈಚೆ ಕೂತು ಯಂತ್ರದಿಂದ ಪೀಂ ಎಂಬ ಸದ್ದು ಕಳಿಸುತ್ತಾರೆ. ಕೇಳಿದರೆ ರೋಗಿ ಗುಂಡಿ ಒತ್ತಬೇಕು. ಈಚೆ ಸಣ್ಣ ದೀಪ ಹೊತ್ತುತ್ತದೆ. ಕೇಳದೆಯೇ ಅಂದಾಜಿನ ಮೇಲೆ ಒತ್ತುವವರನ್ನು ಕಂಡರೆ ಮೇಡಂಗೆ ಆಗುವುದಿಲ್ಲ. "ಕೇಳಿದ್ರೆ ಒತ್ತಿ, ಕೇಳ್ಬಹುದು ಅಂತ ಒತ್ತಬೇಡಿ," ಎಂದು ದಿನಕ್ಕೆ ಹತ್ತು ಸಲವಾದರೂ ಹೇಳುತ್ತಾರೆ.

ಭಾನುವಾರ ಮಧ್ಯಾಹ್ನ ನಾಲ್ಕಕ್ಕೆ ಅವರು ಬೇರೆಯೇ ಮನುಷ್ಯರು. ಕಾಫಿಯನ್ನೂ ಮಾರುವ ಪುಸ್ತಕದ ಅಂಗಡಿಯೊಂದರ ಮೂಲೆಯಲ್ಲಿ ಮೂವರು ಕೂಡಿ ಜಾಜ್ ನುಡಿಸುತ್ತಾರೆ. ಸ್ಯಾಕ್ಸೊಫೋನ್ ಹಿಡಿದವರು ಅಂಚೆ ಕಚೇರಿಯಿಂದ ನಿವೃತ್ತರಾದವರು. ಎಲ್ಲರ ಬಾಯಲ್ಲಿ ಊದಪ್ಪ. ಬೇಸ್ ಎಂಬ ಆಳೆತ್ತರದ ತಂತಿವಾದ್ಯ ಹಿಡಿದವರು ಬಡಗಿ, ಮಾತು ಕಡಿಮೆ. ಒಡಲು ಟೊಳ್ಳಾದ ಹಳೇ ಗಿಟಾರಿನೊಂದಿಗೆ ಮೇಡಂ ನಡುವೆ ಕೂರುತ್ತಾರೆ. ಏಳು ವರ್ಷಗಳಲ್ಲಿ ಅವರು ತಪ್ಪಿಸಿದ್ದು ನಾಲ್ಕೇ ಭಾನುವಾರ.

ಪೇಚಾಟ ಶುರುವಾದದ್ದು ಆ ಪುಸ್ತಕದ ಅಂಗಡಿಯದೇ ಆಂಪ್ಲಿಫೈಯರ್ ಒಂದು ವಿಳಂಬ ಹಾಡಿನ ನಡುವೆ ಹೊಗೆ ಬಿಟ್ಟು ಸತ್ತಾಗ. ಇನ್ನು ಮುಂದೆ ನಿಮ್ಮ ಪೆಟ್ಟಿಗೆ ನೀವೇ ತನ್ನಿ ಎಂದು ಪುಸ್ತಕದ ಅಂಗಡಿಯವರು ಕೈತೊಳೆದುಕೊಂಡರು. ಮೇಡಂಗೆ ಬೇಕಾಗಿದ್ದುದು ದೊಡ್ಡದೇನಲ್ಲ. ಬಸ್ಸಿನಲ್ಲಿ ಕಾಲಬಳಿ ಇಟ್ಟುಕೊಳ್ಳುವಷ್ಟು ಚಿಕ್ಕದು, ಸಂಬಳಕ್ಕೆ ಎಟುಕುವಂಥದ್ದು. ಸ್ಯಾಕ್ಸೊಫೋನಿನ ಎದುರು ಕೇಳಿಸಬೇಕು, ಆದರೆ ಜೋರು ಮಾಡಿದಾಗ ಧ್ವನಿ ಒಡೆಯಬಾರದು. ಟೊಳ್ಳು ಗಿಟಾರು ಹತ್ತಿರವಿದ್ದರೆ ಊಳಿಡಬಾರದು. ಇಷ್ಟರ ಮೇಲೆ, ಊದಪ್ಪ ಯಾವಾಗಲೂ ಹೇಳುವಂತೆ, ಸ್ವರ ದುಂಡಗಿರಬೇಕು: ಮೂಲೆ ಇಲ್ಲದೆ, ತಡವಿದರೆ ಕೈಗೆ ಏನೂ ಚುಚ್ಚದ ಹಾಗೆ.

ಮೂರನೆಯದಾಗಿ ಒಯ್ದ ಪೆಟ್ಟಿಗೆ ಅವರಿಗೆ ಹಿಡಿಸಿತು. ಅದರಲ್ಲಿ ದೊಡ್ಡ ಸ್ಪೀಕರಿನ ಪಕ್ಕ ತಾರ ಸ್ವರಗಳಿಗೆಂದೇ ಇನ್ನೊಂದು ಪುಟ್ಟ ಸ್ಪೀಕರಿತ್ತು. ಹಾಗಿದ್ದೂ ಸಮಾಧಾನವಿಲ್ಲ. ಸಂಜೆ ಬಂದವರೇ ಚಪ್ಪಲಿ ಬಿಡುವ ಮೊದಲು ಅದರ ಮುಂದೆ ಕೂರುವರು. ಒಂದು ಗುಂಡಿ ಏರಿಸುವರು, ಇನ್ನೊಂದು ಇಳಿಸುವರು. ಎದ್ದು ಅಡಿಗೆಮನೆಗೆ ಹೋಗಿ ಅರ್ಧ ಈರುಳ್ಳಿ ಹೆಚ್ಚಿ ಮತ್ತೆ ಬರುವರು. ಪೆಟ್ಟಿಗೆಯನ್ನು ಗೋಡೆಗೆ ತಾಗಿಸಿ, ಕುರ್ಚಿಯ ಮೇಲಿಟ್ಟು, ಬಾಗಿಲ ಸಂದಿಯಲ್ಲಿಟ್ಟು ನೋಡಿದರು. ಬಸ್ ಡ್ರೈವರಾದ ಗಂಡ, ರಜಾ ದಿನಗಳಲ್ಲಿ ಹೊರಗೆ ಹೋಗಲು ಕಾರಣ ಹುಡುಕತೊಡಗಿದರು. ಕಿವಿಗೆ ಮಿಷಿನ್ ಹಾಕಿಕೊಳ್ಳುವ ಅತ್ತೆ ಮಾತ್ರ ನೇರವಾಗಿ ಹೇಳಿದರು.

"ನನ್ನ ಮಿಷಿನ್ ಕಿರ್ ಅಂತಿದೆ ಕಣಮ್ಮ. ಸೂಜಿ ಹಾಕಿ ಚುಚ್ಚಿದ ಹಾಗಾಗ್ತಿದೆ."

"ನಿಮ್ಮ ಮಿಷಿನ್ ಸರಿ ಮಾಡ್ಕೊಡ್ತೀನಿ ಅತ್ತೆ."

"ಮಿಷಿನ್ ಸರಿ ಇದೆ. ನೀನು ಮಾತಾಡಿದ್ರೆ ಚೆನ್ನಾಗೇ ಕೇಳ್ತಿದೆ. ಅದೇ ತೊಂದರೆ."

ಮೇಡಂ ಆ ರಾತ್ರಿಯೂಟಕ್ಕೆ ಮೊದಲೇ ಅತ್ತೆಯ ಮಿಷಿನ್ನಿನ ಧ್ವನಿ ಎರಡು ಹಂತ ಇಳಿಸಿಕೊಟ್ಟರು. ಆಂಪ್ಲಿಫೈಯರಿನ ಗುಂಡಿ ಮುಟ್ಟಲಿಲ್ಲ.

ಭಾನುವಾರ ಆ ಪೆಟ್ಟಿಗೆ ಪುಸ್ತಕದ ಅಂಗಡಿಗೆ ಬಂತು. ಎರಡನೇ ಹಾಡಿನ ಹೊತ್ತಿಗೆ ಹತ್ತಿರದ ಮೇಜಿನವರು ಲೋಟ ಎತ್ತಿಕೊಂಡು ಹಿಂದಕ್ಕೆ ಹೋಗಿ ಕೂತರು. ಮುಗಿದ ಮೇಲೆ ಊದಪ್ಪ ಸ್ಯಾಕ್ಸೊಫೋನ್ ಒರೆಸುತ್ತ, ತಲೆ ಎತ್ತದೆ ಹೇಳಿದರು.

"ಚಾಕು ಸಾಣೆ ಹಿಡಿಯೋನು ಬಂದು ಪಕ್ಕದಲ್ಲಿ ಕೂತ ಹಾಗಿತ್ತು ಮೇಡಂ."

"ಯಾರಿಗೆ?"

"ನನಗೆ. ಇವರಿಗೆ." ಬಡಗಿ ಹೌದೆಂದು ತಲೆ ಆಡಿಸಿದರು. "ಅಂಗಡಿಯವರಿಗೂ. ನಿಮ್ಮ ಜಾಗಕ್ಕೆ ಪಿಯಾನೋ ನುಡಿಸೋರು ಒಬ್ಬರಿದಾರೆ, ಬೇಕಾದ್ರೆ ಕೇಳಿ ಅಂತ ಆಗಲೇ ಅಂದ್ರು. ಬರೋ ಭಾನುವಾರ ನೋಡೋಣ ಅಂದಿದೀನಿ. ಆಮೇಲೆ ನನ್ನ ಕೈಲಿಲ್ಲ."

"ಕಿವಿ ನನ್ನ ಕಸುಬು ಕಣ್ರೀ."

"ಗೊತ್ತಿದೆ. ಅದಕ್ಕೇ ಇಷ್ಟು ಹೊತ್ತು ಸುಮ್ನಿದ್ದೆ."

ಮೇಡಂ ಪೆಟ್ಟಿಗೆ ಎತ್ತಿಕೊಂಡು ಹೊರಟರು. ಬಸ್ಸಿನಲ್ಲಿ ಸೀಟಿದ್ದರೂ ನಿಂತೇ ಬಂದರು.

ಸೋಮವಾರ ಬೆಳಿಗ್ಗೆ ಅವರಿಗೆ ಒಂದು ಉಪಾಯ ಹೊಳೆಯಿತು. ತಮ್ಮ ಕಿವಿಯನ್ನೇ ಪರೀಕ್ಷೆ ಮಾಡಿಸಿ, ಯಾವ ಸದ್ದು ಎಷ್ಟು ಕೇಳುತ್ತದೆಂದು ತೋರಿಸುವ ನಕ್ಷೆಯನ್ನು ಊದಪ್ಪನ ಮುಖಕ್ಕೆ ಹಿಡಿಯುವುದು. ದಿನವೂ ರೋಗಿಗಳು ಬರುವ ಮೊದಲು ಯಂತ್ರ ಸರಿಯಿದೆಯೇ ಎಂದು ನೋಡಲು ಅವರೇ ಹೆಡ್‌ಫೋನ್ ಹಾಕಿ, ಮಂದ್ರದಿಂದ ತಾರದವರೆಗೆ ಒಂದೊಂದೇ ಸದ್ದು ಒತ್ತಿ ಕೇಳಿ, ಪುಸ್ತಕದಲ್ಲಿ 'ಸರಿ' ಎಂದು ಬರೆಯುತ್ತಾರೆ. ಇಪ್ಪತ್ತಾರು ವರ್ಷ ಯಂತ್ರವೂ ಸರಿ, ತಮ್ಮ ಕಿವಿಯೂ ಸರಿ ಎಂದೇ ಅವರ ಲೆಕ್ಕ. ಆದರೆ ನಕ್ಷೆ ತೆಗೆಯಲು ಈಚೆ ಇನ್ನೊಬ್ಬರು ಬೇಕು. ಕಿವಿಯ ಮಿಷಿನ್ನಿಗೆ ಅಚ್ಚು ತೆಗೆಯುವ, ಎಲ್ಲರೂ ಅಚ್ಚಿನಕ್ಕ ಎನ್ನುವ ಸಹೋದ್ಯೋಗಿಯನ್ನು ಕರೆದರು.

"ಸುಲಭ ಅಕ್ಕ. ಒತ್ತೋದು, ಎರಡು ಎಣಿಸೋದು, ದೀಪ ಬಂದ್ರೆ ಸದ್ದು ಇಳಿಸೋದು, ಮತ್ತೆ ಒತ್ತೋದು."

"ನೀನು ಒಳಗೆ ಹೋಗು. ಇಷ್ಟು ವರ್ಷ ನೋಡ್ತಾ ಇಲ್ವಾ ನಾನು?"

ಮೇಡಂ ಒಳಗೆ ಕೂತು, ಅಭ್ಯಾಸದಂತೆ ಕಣ್ಣು ಮುಚ್ಚಿದರು. ಮಂದ್ರದ ಸದ್ದುಗಳೆಲ್ಲ ಮುಗಿದವು. ತಾರಕ್ಕೆ ಏರುವ ಹೊತ್ತಿಗೆ ಅಚ್ಚಿನಕ್ಕನ ಫೋನ್ ಬಂತು. ಗ್ಯಾಸಿನವನು ಮನೆ ಬಾಗಿಲಲ್ಲಿ ನಿಂತಿದ್ದ. ಬೀಗದ ಕೈ ಯಾರ ಹತ್ತಿರ ಇದೆಯೆಂದು ಅವರು ವಿವರಿಸುತ್ತಿದ್ದರು. ವಿವರಿಸುತ್ತಲೇ ಯಂತ್ರದ ಕಡೆ ನೋಡಿದರೆ ದೀಪ ಹೊತ್ತಿತು. ಆರಿತು. ಎರಡು ಎಣಿಸುವಷ್ಟರಲ್ಲಿ ಮತ್ತೆ ಹೊತ್ತಿತು.

ಅವರು ಫೋನ್ ಇಟ್ಟು, ಕೋಣೆಯ ದಪ್ಪ ಬಾಗಿಲು ತೆರೆದರು.

"ನೀನ್ಯಾಕೆ ಒತ್ತಿದೆ?"

"ಕೇಳಿಸ್ತು, ಒತ್ತಿದೆ."

"ನಾನು ಏನೂ ಕಳಿಸೇ ಇಲ್ಲ ಕಣೇ. ಫೋನಲ್ಲಿದ್ದೆ."

ಮೇಡಂ ಕೈಯಲ್ಲಿದ್ದ ಗುಂಡಿಯನ್ನು ನೋಡಿದರು. ಎರಡೆರಡು ಎಣಿಸಿ ಸದ್ದು ಕಳಿಸುವ ಲಯ ಅವರ ಕೈಯದೇ. ಆ ಲಯಕ್ಕೆ ಅವರ ಹೆಬ್ಬೆರಳು ತಾನಾಗಿಯೇ ಕುಣಿಯುತ್ತಿತ್ತು. ಕಿವಿ ಕೇಳಿದ್ದನ್ನೂ ಬೆರಳು ಎಣಿಸಿದ್ದನ್ನೂ ಬೇರೆ ಮಾಡಲು ಅವರಿಗೆ ಬಂದಿರಲಿಲ್ಲ. ಎಷ್ಟು ವರ್ಷದಿಂದ ಎಂಬುದಕ್ಕೆ ಪುಸ್ತಕದಲ್ಲಿ ಉತ್ತರವಿರಲಿಲ್ಲ.

"ಮತ್ತೆ ಮಾಡಕ್ಕ. ಎಣಿಸಬೇಡ. ಮನಸ್ಸು ಬಂದಾಗ ಒತ್ತು."

ಈ ಸಲ ಹೆಬ್ಬೆರಳನ್ನು ಗುಂಡಿಯಿಂದ ದೂರ, ಗಾಳಿಯಲ್ಲಿ ಹಿಡಿದು ಕೂತರು. ಮಧ್ಯದವರೆಗೆ ನಕ್ಷೆಯ ಗೆರೆ ನೆಟ್ಟಗಿತ್ತು. ಅಲ್ಲಿಂದ ಎರಡೂ ಕಿವಿಗಳಲ್ಲಿ ಕೆಳಗಿಳಿಯಿತು. ಬೇರೆ ಯಾರದಾದರೂ ಆಗಿದ್ದರೆ ಮೇಡಂ ತಕ್ಷಣ ಹೇಳುತ್ತಿದ್ದರು: ನಿಮಗೆ ತಾರದ ಸದ್ದು ಕಡಿಮೆ ಕೇಳುತ್ತದೆ, ಅದಕ್ಕೇ ಎಲ್ಲ ಮಬ್ಬೆನಿಸುತ್ತದೆ, ಟಿವಿ ಜೋರು ಮಾಡಿ ಮನೆಯವರ ಹತ್ತಿರ ಬೈಸಿಕೊಳ್ಳುತ್ತೀರಿ.

"ಡಾಕ್ಟ್ರಿಗೆ ಹೇಳೋಣ್ವಾ?" ಅಚ್ಚಿನಕ್ಕ ಮೆಲ್ಲಗೆ ಕೇಳಿದರು.

"ನಾನೇ ಹೇಳ್ತೀನಿ. ಮೊದಲು ಭಾನುವಾರ ಕಳೀಲಿ."

ಆ ವಾರ ಅವರು ಎಲ್ಲವನ್ನೂ ಅಲ್ಲಾಡಿಸಿ ಕೇಳಿದರು. ಬೀಗದ ಕೈ ಗೊಂಚಲು, ಚಮಚ, ಪ್ಲಾಸ್ಟಿಕ್ ಚೀಲ. ಬಸ್ಸಿನಲ್ಲಿ ಯಾರೋ ನಾಣ್ಯ ಬೀಳಿಸಿದರೆ ತಿರುಗಿ ನೋಡಿ, ಇದು ಕೇಳಿತು ಎಂದು ಒಳಗೊಳಗೇ ಗುರುತು ಹಾಕಿಕೊಂಡರು. ಮರುಕ್ಷಣ ಬೇರೆ ಇನ್ನೇನೇನು ಬಿದ್ದಿರಬಹುದೋ ಎಂದು ಕಳವಳಪಟ್ಟರು. ಅತ್ತೆಯ ಮಿಷಿನ್ನನ್ನು ಮೊದಲಿನ ಹಂತಕ್ಕೆ ಏರಿಸಿಕೊಟ್ಟರು. "ಈಗ ಗೊತ್ತಾಯ್ತಾ?" ಎಂದರು ಅತ್ತೆ. ಮೇಡಂ ಅದನ್ನು ಅವರ ಕಿವಿಗೆ ಸಿಕ್ಕಿಸಿದರು. ಊದಪ್ಪನಿಗೆ ಹೇಳುವುದೋ, ಸುಮ್ಮನೆ ಬಿಟ್ಟುಬಿಡುವುದೋ ಎಂದು ಮೂರು ದಿನ ಫೋನ್ ಕೈಗೆತ್ತಿಕೊಂಡು ಇಟ್ಟರು. ಶುಕ್ರವಾರ ಕರೆ ಮಾಡಿ, ನಾಳೆ ಹಳೇ ವಾದ್ಯಗಳ ಅಂಗಡಿಗೆ ಬನ್ನಿ ಎಂದಷ್ಟೇ ಹೇಳಿದರು.

ಅಂಗಡಿಯ ಬಾಗಿಲಲ್ಲೇ ನಕ್ಷೆಯನ್ನು ಚಾಚಿದರು.

"ನಿಮ್ಮ ಮುಖಕ್ಕೆ ಹಿಡೀಬೇಕು ಅಂತ ತೆಗೆಸಿದ್ದು. ತಗೊಳ್ಳಿ."

ಊದಪ್ಪ ಕನ್ನಡಕ ಏರಿಸಿ, ಕಾಗದ ತಿರುಗಿಸಿ ನೋಡಿದರು. "ಇದೇನು, ಮೆಟ್ಟಿಲಾ?"

"ನನ್ನ ಕಿವಿ. ಇಲ್ಲಿಂದ ಮೇಲಿನ ಸ್ವರ ನನಗೆ ಸರಿಯಾಗಿ ಕೇಳಲ್ಲ. ಪಿಯಾನೋದವರನ್ನ ಕರೀತೀರೋ ಇಲ್ವೋ, ಇದನ್ನ ನೋಡಿ ಹೇಳಿ."

ಊದಪ್ಪ ನಕ್ಷೆಯನ್ನು ಮಡಿಸಿ ಅವರ ಕೈಗೆ ಕೊಟ್ಟರು. ಆಮೇಲೆ ಮೇಲ್ದುಟಿ ಎತ್ತಿ, ಮುಂದಿನ ಹಲ್ಲುಗಳನ್ನು ಬೆರಳಿನಿಂದ ತಟ್ಟಿ ತೋರಿಸಿದರು.

"ಇವೆರಡೂ ಕಟ್ಟಿಸಿದ್ದು. ಹದಿನಾಲ್ಕು ವರ್ಷ ಆಯ್ತು. ಕಟ್ಟಿಸಿದ ಹಲ್ಲಲ್ಲಿ ಊದ್ತಿದೀನಿ ಅಂತ ನಿಮಗೆ ಯಾವತ್ತಾದ್ರೂ ಹೇಳಿದ್ನಾ?"

"ಇಲ್ಲ."

"ಮತ್ತೆ? ಗಿಟಾರು ತೆಗೀರಿ."

ಮೊದಲೆರಡು ಪೆಟ್ಟಿಗೆಗಳು ಅಷ್ಟರಲ್ಲಿ ಮಾರಿಹೋಗಿದ್ದವು. ಅಂಗಡಿಯವರು ಎರಡು ದಿನ ಮೀರಿದ್ದರೂ ಮೂರನೆಯದನ್ನು ಮರಳಿ ಪಡೆದು, ಒಳಗಿನಿಂದ ಇನ್ನೊಂದು ತಂದರು: ಬೆನ್ನು ಮುಚ್ಚಿದ, ಒಂದೇ ಸ್ಪೀಕರಿನ, ಕೈಹಿಡಿ ಹರಿದ ಕಪ್ಪು ಪೆಟ್ಟಿಗೆ. ಊದಪ್ಪ ಅಂಗಡಿಯ ಆ ತುದಿಗೆ ಹೋಗಿ ನಿಂತರು. ಮೇಡಂ ನುಡಿಸಿದರು. ಅಂಗಡಿಯವರು ಒಂದೊಂದೇ ಗುಂಡಿ ತಿರುಗಿಸಿದರು.

"ಇನ್ನೂ ಕಡಿಮೆ... ಇನ್ನೂ... ಹಾಂ, ಸಾಕು. ನಿಮಗೆ ಹೇಗಿದೆ ಮೇಡಂ?"

"ಸತ್ತುಹೋದ ಹಾಗಿದೆ."

"ನನಗೆ ದುಂಡಗಿದೆ. ಚಂಡಿನ ಹಾಗಿದೆ."

ಮೇಡಂ ಅದೇ ಸ್ವರಗಳನ್ನು ಇನ್ನೊಮ್ಮೆ ಮೀಟಿದರು. ಈ ಸಲ ಪೆಟ್ಟಿಗೆಯ ಕಡೆ ಕಿವಿ ಕೊಡಲಿಲ್ಲ, ಊದಪ್ಪನ ಮುಖ ನೋಡಿದರು. ಆ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. "ಇದನ್ನೇ ಕೊಡಿ," ಎಂದರು. ಅಂಗಡಿಯವರು ಎರಡು ದಿನದ ಮಾತನ್ನು ಈ ಸಲ ಎತ್ತಲೇ ಇಲ್ಲ.

ಭಾನುವಾರ ಯಾರೂ ಮೇಜು ಬದಲಿಸಲಿಲ್ಲ. ಮೇಡಂಗೆ ತಮ್ಮ ಗಿಟಾರು ಅರ್ಧವಷ್ಟೇ ಕೇಳುತ್ತಿತ್ತು. ಉಳಿದರ್ಧ ಬೆರಳಿಗೆ ತಿಳಿಯುತ್ತಿತ್ತು. ಮೊದಲ ಹಾಡು ಮುಗಿದದ್ದೇ ಕೈ ತಾನಾಗಿ ಗುಂಡಿಯ ಕಡೆ ಹೋಯಿತು. ಊದಪ್ಪ ಬಾಯಿಂದ ಸ್ಯಾಕ್ಸೊಫೋನ್ ತೆಗೆಯದೆ ತಲೆ ಅಲ್ಲಾಡಿಸಿದರು. ಮೂರನೇ ಹಾಡಿಗೆ ಮೊದಲು ಅವರು ಅತ್ತ ತಿರುಗಿದ್ದನ್ನು ನೋಡಿ ಮೇಡಂ ಗುಂಡಿಯನ್ನು ಕೂದಲೆಳೆಯಷ್ಟು ಏರಿಸಿದರು. ಊದಪ್ಪ ಬಂದು ಇಳಿಸಿ ಹೋದರು. ಮುಂದಿನ ಮೇಜಿನವರು ನಕ್ಕರು. ಮತ್ತೊಮ್ಮೆ ಕೈ ಎದ್ದಾಗ ಬಡಗಿ, ಬೇಸಿನ ತಂತಿಯ ಮೇಲಿನ ಕೈ ನಿಲ್ಲಿಸದೆಯೇ, ಪೆಟ್ಟಿಗೆಯನ್ನು ಕಾಲಿನಿಂದ ಆಚೆ ತಳ್ಳಿದರು.

ಅದು ಈಗಲೂ ಅಲ್ಲಿಯೇ, ಮೇಡಂ ಕೈಗೆ ಸಿಗದಷ್ಟು ದೂರದಲ್ಲಿ ಇರುತ್ತದೆ.