ಶುಭಾಳ ಎರಡು ಎಸೆತ

ಬೆಂಗಳೂರಿನ ಮೊದಲ ಪಂದ್ಯದಲ್ಲಿ ಚೆಂಡು ಹಿಡಿದು ಗೆರೆಯ ಹಿಂದೆ ನಿಂತಿದ್ದೆ. ಬುಟ್ಟಿಯ ಹಿಂದಿನಿಂದ ಹತ್ತಿಪ್ಪತ್ತು ಜನ ಒಟ್ಟಿಗೆ ಕೂಗಿದರು: “ಆಂಟೀ, ಹೋಯ್ತು! ಆಂಟೀ, ಮಿಸ್ಸು!” ನನಗಾಗ ಇಪ್ಪತ್ಮೂರು. ಚೆಂಡು ಕಬ್ಬಿಣದ ಬಳೆಗೂ ತಾಗಲಿಲ್ಲ.

ಗದಗಿನ ನಮ್ಮ ಮಣ್ಣಿನ ಅಂಕಣದಲ್ಲಿ ಬ್ಯಾಸ್ಕೆಟ್‌ಬಾಲಿನ ಫ್ರೀ ಥ್ರೋ ಎಂದರೆ ಎದುರಾಳಿಗಳೂ ಸುಮ್ಮನಾಗುತ್ತಿದ್ದರು. ಫೌಲಿಗೆ ಒಳಗಾದವಳಿಗೆ ಗಡಿಯಾರ ನಿಲ್ಲಿಸಿ ಕೊಡುವ ಎಸೆತ ಅದು. ಯಾರೂ ಅಡ್ಡ ಬರುವಂತಿಲ್ಲ. ಅಲ್ಲಿ ಮೌನ ಮರ್ಯಾದೆಯಾಗಿತ್ತು. ಬೆಂಗಳೂರಿನಲ್ಲಿ ಕೂಗುವುದೂ ಆಟವೇ.

“ಕಿವಿಗೆ ಹಾಕ್ಕೋಬೇಡ ಕಣೇ, ಮ್ಯಾಚ್ ನೋಡಕ್ಕೆ ಬಂದ ನಮ್ಮಜ್ಜೀನೂ ಬಿಟ್ಟಿಲ್ಲ ಅವ್ರು,” ಎಂದು ನಕ್ಕವಳು ಶುಭಾ. ಬಸವೇಶ್ವರನಗರದವಳು, ನಮ್ಮ ಕ್ಲಬ್ಬಿನಲ್ಲಿ ಚೆಂಡು ಮುನ್ನಡೆಸುವ ಗಾರ್ಡ್. ಎಂ.ಎಸ್ಸಿ. ಮುಗಿಸಿ ರಾಜಾಜಿನಗರದ ಪ್ರಯೋಗಾಲಯವೊಂದಕ್ಕೆ ಕೆಲಸಕ್ಕೆ ಬಂದ ನನಗೆ ಹೊಸಹಳ್ಳಿಯಲ್ಲಿ ಕೋಣೆ ಹುಡುಕಿಕೊಟ್ಟವಳೂ ಅವಳೇ. ಭಾನುವಾರದ ಊಟ ಅವಳ ಮನೆಯಲ್ಲಿ. ಜೋಳದ ರೊಟ್ಟಿಯ ಅಭ್ಯಾಸದಲ್ಲಿ ನಾನು ರಾಗಿಮುದ್ದೆಯನ್ನೂ ಅಗಿಯುತ್ತಿದ್ದರೆ, “ನುಂಗಮ್ಮಾ, ಪರೀಕ್ಷೆ ಮಾಡ್ಬೇಡ,” ಎನ್ನುತ್ತಿದ್ದರು ಅವಳ ಅಮ್ಮ. ವಾರವಿಡೀ ಬೇರೆ ಯಾರೂ ನನ್ನ ಹೆಸರು ಹಿಡಿದು ಕರೆಯುತ್ತಿರಲಿಲ್ಲ.

ಆ ಎಸೆತ ತಪ್ಪಿದ ಮೇಲೆ ಪಂದ್ಯಗಳಲ್ಲಿ ಮಾತ್ರ ನನಗೆ ಬೆಂಚೇ. ಆರು ತಿಂಗಳು ಕೂತೆ.

ಆಮೇಲೊಂದು ಪಂದ್ಯದಲ್ಲಿ ನಾವು ಒಂದು ಅಂಕ ಹಿಂದಿದ್ದೆವು. ಇನ್ನೇನು ಮುಗಿಯಬೇಕು, ಶುಭಾ ಜಿಗಿದಳು. ಎದುರಾಳಿ ತಳ್ಳಿದ ರಭಸಕ್ಕೆ ಮೊಣಕಾಲು ತಿರುಚಿಕೊಂಡು ಬಿದ್ದಳು. ಎರಡು ಫ್ರೀ ಥ್ರೋ. ಪೆಟ್ಟು ತಿಂದವಳೇ ಎಸೆಯಬೇಕು. ಅವಳಿಂದ ಆಗದಿದ್ದರೆ, ಅವಳ ಬದಲಿಗೆ ಬಂದವಳು.

“ತಡೀರಿ ಸಾರ್, ಏಳ್ತೀನಿ,” ಎನ್ನುತ್ತಿದ್ದಳು ಶುಭಾ.

ಕೋಚ್ ಬೆಂಚಿನತ್ತ ತಿರುಗಿ ನನ್ನನ್ನು ನೋಡಿದರು. “ಹೋಗಮ್ಮಾ.”

ಗದ್ದಲ ಎಂದಿನಂತೆಯೇ ಇತ್ತು. ಎರಡೂ ಹಾಕಿದೆ. ಗೆದ್ದೆವು. ಹುಡುಗಿಯರು ನನ್ನನ್ನು ಎತ್ತಿಕೊಂಡರು. ಮುಂದಿನ ಪಂದ್ಯದಿಂದ ಗಾರ್ಡ್ ನಾನೇ ಎಂದರು ಕೋಚ್.

ಮೂರನೆಯ ದಿನ ಶುಭಾಳ ಮನೆಗೆ ಹೋದೆ. ಕಾಲಿಗೆ ಬ್ಯಾಂಡೇಜು. ಇನ್ನು ಆಡುವಂತಿಲ್ಲ ಎಂದಿದ್ದರು ಡಾಕ್ಟರು.

“ಚೆನ್ನಾಗಿ ಹಾಕ್ದೆ ಕಣೇ,” ಎಂದಳು. “ನಾನಿನ್ನೂ ಏಳೋಕೆ ನೋಡ್ತಿದ್ದೆ. ಸಾರ್ ನಿನ್ನ ಕಡೆ ತಿರುಗೇ ಇರ್ಲಿಲ್ಲ. ನೀನು ಆಗ್ಲೇ ಆಡಕ್ಕೆ ಅಂತ ಜರ್ಸಿ ಮೇಲಿನ ಜಾಕೆಟ್ ಬಿಚ್ಚಿದ್ದೆ.”

ನಿಜವಾಗಿತ್ತು.

ಊರಿಗೆ ಹೋದರೆ ಅಕ್ಕ ಓಣಿಗೆಲ್ಲ ಕೇಳುವಂತೆ, “ಬೆಂಗಳೂರಾಕಿ ಬಂದ್ಲು ನೋಡ್ರಿ,” ಎನ್ನುತ್ತಾಳೆ. ಇಲ್ಲಿ ಕ್ಲಬ್ಬಿನವರು ‘ನಮ್ಮ ಹುಡುಗಿ’ ಎನ್ನುತ್ತಾರೆ. ಎರಡಕ್ಕೂ ತಲೆಯಾಡಿಸುತ್ತೇನೆ. ಅಂಕಣಕ್ಕೆ ಹೋಗುವ ದಾರಿಯಲ್ಲೇ ಶುಭಾಳ ಮನೆ. ಬಸ್ಸಿನಿಂದ ಒಂದು ಸ್ಟಾಪ್ ಮೊದಲೇ ಇಳಿದು, ಹಿಂದಿನ ಬೀದಿಯಿಂದ ಸುತ್ತಿಕೊಂಡು ನಡೆಯುತ್ತೇನೆ.